ಇನ್ನೂ ಕೂಗಿಲ್ವಲ್ಲ

ಮೇ ೧೪

ಅಕ್ಕಾ,

ಕಡೆಗೂ ನಾನು ಶಾಲೆಗೆ ವಾಪಸು ಹೋದೆ. ಅಮ್ಮನಿಗೆ ಇಷ್ಟು ಹೇಳಿದಾಗ ಮುಖ ಅರಳಿತು. ಹೋದದ್ದು ತರಗತಿಗಲ್ಲ, ತಾರಸಿಗೆ ಎಂದಾಗ ಕೈಲಿದ್ದ ಸೌಟು ಎತ್ತಿದಳು. ಒಂದೇ ಬೆಂಚಿನ ಮೇಲೆ ಒಂದು ಪಾಠ ಮುಗಿಯುವವರೆಗೂ ಕೂರಲಾಗದೆ ಒಂಬತ್ತನೇ ಕ್ಲಾಸಿಗೆ ಬಿಟ್ಟುಬಂದವಳು, ಅದೇ ಕಟ್ಟಡದ ನೆತ್ತಿಯ ಮೇಲೆ ಬಿಸಿಲಲ್ಲಿ ಇಡೀ ದಿನ ಕೂತು ಸೈರನ್ನಿನ ಬೋಲ್ಟು ಬಿಗಿದೆ. ನೀನು ಕೊಡಿಸಿದ ಕೆಲಸದ ಮಹಿಮೆ.

ಗುಡ್ಡದ ಮೇಲಿನ ಮಳೆಮಾಪಕಗಳು, ಸೇತುವೆಯ ಕೆಳಗೆ ನೀರಿನ ಎತ್ತರ ಅಳೆಯುವ ಪೆಟ್ಟಿಗೆ, ಎಲ್ಲ ಜೋಡಿಸಿ ಆಯಿತು. ಈಗ ಕೆಳಬೀದಿಯಲ್ಲಿ ಮನೆಮನೆಗೆ ಹೋಗಿ ಪಾಠ ಹೇಳುತ್ತಿದ್ದೇನೆ. ಗುಡ್ಡದಲ್ಲಿ ಎಷ್ಟು ಮಳೆ, ಹೊಳೆಯಲ್ಲಿ ಎಷ್ಟು ನೀರು ಎಂಬ ಸುದ್ದಿ ತಾನಾಗಿ ನೀನು ಕೆಲಸ ಮಾಡುವ ನೆರೆ ಮುನ್ಸೂಚನೆ ಕೇಂದ್ರದ ಕಂಪ್ಯೂಟರಿಗೆ ಹೋಗುತ್ತದೆ, ಹೊಳೆ ಉಕ್ಕುತ್ತದೆ ಎಂದು ಅದಕ್ಕೆ ಅನ್ನಿಸಿದರೆ ನಮ್ಮ ಸೈರನ್ ಕೂಗುತ್ತದೆ ಎಂದೆಲ್ಲ. ಕ್ಷೌರದಂಗಡಿ ಮಾವ ಒಬ್ಬನ ಗಡ್ಡ ಅರ್ಧಕ್ಕೆ ಬಿಟ್ಟು ಕೇಳಿದ:

"ಸ್ವಿಚ್ಚು ಒತ್ತೋರು ಯಾರಮ್ಮ?"

"ಯಾರೂ ಇಲ್ಲ ಮಾವ. ತಾನೇ ಕೂಗುತ್ತೆ."

"ಯಾರೂ ಒತ್ತಲ್ಲ ಅಂದ್ರೆ, ತಪ್ಪಾದಾಗ ನಾವು ಬೈಯೋದು ಯಾರನ್ನ?"

"ನನ್ನೇ ಬೈಯಿರಿ."

"ನಿನ್ನ ಬೈಯಬೇಕಾದ್ರೆ ಮೊದ್ಲು ಹಿಡ್ಕೋಬೇಕಲ್ಲ! ನಿಂತ ಕಡೆ ನಿಲ್ಲೋಳಾ ನೀನು?"

ಗಡ್ಡದವನು ನಗಲು ಹೋಗಿ ಗಲ್ಲ ಕುಯ್ಯಿಸಿಕೊಂಡ.

ನಿಜವಾದ ಪ್ರಶ್ನೆ ಕೇಳಿದವಳು ಇಸ್ತ್ರಿ ಅತ್ತೆ. ಹೊಳೆಗೆ ಒತ್ತಿಕೊಂಡ ಕೊನೆಯ ಅಂಗಡಿಯಲ್ಲಿ ಈಗಲೂ ಅದೇ ಕೆಂಡದ ಪೆಟ್ಟಿಗೆ, ಅದೇ ಬಾಯಿ. ಅವಳು ಕೇಳಿದ್ದು ಪಾಳಿಯ ವಿಷಯ. ಮಳೆಗಾಲ ಪೂರ್ತಿ ಕೆಳಬೀದಿಯವರು ಮನೆಗೊಬ್ಬರಂತೆ ಸರದಿ ಮೇಲೆ ಸೇತುವೆಯ ಕಟ್ಟೆಯಲ್ಲಿ ಕೂತು ನೀರು ಕಾಯುತ್ತಾರೆ, ನೀರು ಕೆಂಪಾಗಿ ಕಸಕಡ್ಡಿ ತೇಲಿಬಂದರೆ ವಿಷಲ್ ಊದುತ್ತ ಬೀದಿಗುಂಟ ಓಡುತ್ತಾರೆ. ಪಾಳಿ ಬಿದ್ದ ದಿನ ದುಡಿಮೆ ಇಲ್ಲ. ಈ ವರ್ಷ ಪಾಳಿ ಹಾಕಬೇಕೋ ಬೇಡವೋ? ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು. "ನೀನು ಹೇಳ್ಬೇಡ. ನಿನ್ನಕ್ಕನ್ನ ಕೇಳಿ ಹೇಳು. ಅವಳ ಯೂನಿಫಾರಂಗೆ ಗೆರೆ ಹಾಕಿಕೊಟ್ಟಿದೀನಿ ನಾನು."

ಫೋನಿನಲ್ಲಿ ಹೇಳಬೇಡ. ಫೋನಿನಲ್ಲಿ ನೀನು ಏನೆಂದರೂ ನಾನು ಹೂಂ ಹೂಂ ಎಂದುಬಿಡುತ್ತೇನೆ. ಕಾಗದ ಬರಿ.

ಬುಗುರಿ

ಮೇ ೨೨

ಬುಗುರಿ,

ಪಾಳಿ ನಿಲ್ಲಿಸಲು ಹೇಳು. ನನ್ನ ಮಾತು ಅಂತಲೇ ಹೇಳು.

ಕಾರಣವನ್ನೂ ಹೇಳು. ಎರಡು ಕಡೆಯಿಂದ ಎಚ್ಚರಿಕೆ ಬಂದರೆ ಜನ ಒಂದನ್ನು ಇನ್ನೊಂದರ ಜೊತೆ ತಾಳೆ ನೋಡುತ್ತ ನಿಲ್ಲುತ್ತಾರೆ. ವಿಷಲ್ ಕೇಳಿತು, ಸೈರನ್ ಕೇಳಲಿಲ್ಲ, ಏನು ಮಾಡೋಣ ಅಂತ. ಗುಡ್ಡದ ಹೊಳೆಗೆ ಅಷ್ಟು ಪುರುಸೊತ್ತಿಲ್ಲ. ಒಂದೇ ದನಿ ಇರಬೇಕು, ಅದು ಕೂಗಿದ ಕೂಡಲೇ ಏಳಬೇಕು.

ನಾವು ಇದರಲ್ಲಿ ಮನುಷ್ಯನ ಕೈ ಎಲ್ಲೂ ಇಟ್ಟಿಲ್ಲ, ಬೇಕೆಂದೇ ಇಟ್ಟಿಲ್ಲ. ಮನುಷ್ಯ ಅನುಮಾನಿಸುತ್ತಾನೆ, ಮೇಲಿನವರ ಮುಖ ನೋಡುತ್ತಾನೆ. ಲೆಕ್ಕ ಯಾರ ಮುಖವನ್ನೂ ನೋಡುವುದಿಲ್ಲ. ಇಸ್ತ್ರಿ ಅತ್ತೆಗೆ ಹೇಳು, ಅವರು ಹಾಕಿದ ಗೆರೆಗಿಂತ ನೇರವಾಗಿದೆ ಅಂತ.

ಮಳೆಮಾಪಕದ ಬಾಯಿಗೆ ಎಲೆ ಬೀಳದಂತೆ ನೋಡಿಕೋ. ಅಮ್ಮನ ಕಣ್ಣಿನ ಔಷಧಿ ಮುಗಿದಿರಬೇಕು, ಕಳಿಸುತ್ತೇನೆ.

ನಿನ್ನ ಅಕ್ಕ

ಜೂನ್ ೨೬

ಅಕ್ಕಾ,

ಪಾಳಿ ನಿಂತಿತು. ಸುಲಭಕ್ಕೇನೂ ನಿಲ್ಲಲಿಲ್ಲ. ಕ್ಷೌರದ ಮಾವನ ಅಂಗಡಿ ಮುಂದೆ ಎಲ್ಲರೂ ಸೇರಿದ್ದರು. ನಿನ್ನ ಕಾಗದ ಓದಿದೆ. ಗೆರೆಯ ಮಾತಿಗೆ ಇಸ್ತ್ರಿ ಅತ್ತೆ "ಕೊಬ್ಬು ನೋಡು ಅವಳಿಗೆ!" ಎಂದು ನಕ್ಕು, ತನ್ನ ವಿಷಲನ್ನು ಕೊರಳಿಂದ ತೆಗೆದು ಮಗಳ ಕೈಗೆ ಕೊಟ್ಟಳು. ಅವಳು ಒಪ್ಪಿದ ಮೇಲೆ ಬೇರೆಯವರದೇನಿದೆ.

ಸೈರನ್ ಈಗಾಗಲೇ ಎರಡು ಸಲ ಕೂಗಿದೆ. ಎರಡು ಸಲವೂ ಹೊಳೆ ಬರಲಿಲ್ಲ.

ಮೊದಲ ಸಲ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಶಾಲೆಗೆ ಏರಿದರು, ನೀರು ಹೊಳೆದಡದ ಎರಡನೇ ಮೆಟ್ಟಿಲು ಮುಟ್ಟಿ ಇಳಿಯಿತು. ಅಭ್ಯಾಸವಾಯಿತು ಬಿಡು ಎಂದರು. ಎರಡನೆಯದು ಮಾತ್ರ ಕೆಟ್ಟ ಗಳಿಗೆ. ಹೊಸ ಮಾರುಕಟ್ಟೆ ಉದ್ಘಾಟನೆಗೆ ಸರಕಾರದ ದೊಡ್ಡವರು ಬಂದು ಮೈಕಿನ ಮುಂದೆ ನಿಂತು, "ಈ ಊರು ಇನ್ನು ನಿಶ್ಚಿಂತೆಯಿಂದ" ಎನ್ನುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಯಿತು. ನಾನು ಹೇಳಿಕೊಟ್ಟ ಹಾಗೆ ಜನ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಓಡಿದರು. ದೊಡ್ಡವರೂ ಓಡಿದರು, ಒಂದು ಚಪ್ಪಲಿ ವೇದಿಕೆಯ ಮೇಲೇ ಉಳಿಯಿತು. ಅದರ ಫೋಟೋ ನಿನ್ನವರೆಗೂ ಬಂದಿರಬೇಕು.

ಆಮೇಲೆ ನನಗೆ ಸಿಕ್ಕಿದ ಬೈಗುಳ ಇರಲಿ. ವ್ಯಾಪಾರ ಕೆಡುತ್ತದೆ, ಸೈರನ್ ತೆಗೆಸಿ ಎಂದು ಬಟ್ಟೆ ಅಂಗಡಿಯವರು ಅರ್ಜಿ ಬರೆದಿದ್ದಾರೆ. ನಾನು ಕೇಳುವುದಿಷ್ಟೇ: ಲೆಕ್ಕ ತಪ್ಪಿತಾ? ತಪ್ಪಿದ್ದರೆ ತಪ್ಪಿತು ಎಂದು ಬೀದಿಗೆ ಹೇಳುತ್ತೇನೆ. ಅವರು ಕೋಪ ಮಾಡಿಕೊಳ್ಳುತ್ತಾರೆ, ಸುಳ್ಳು ಹೇಳಿದರೆ ಮಾಡಿಕೊಳ್ಳುವಷ್ಟಲ್ಲ.

ಬುಗುರಿ

ಜುಲೈ ೪

ಬುಗುರಿ,

ತಪ್ಪಲ್ಲ. ಗುಡ್ಡದಲ್ಲಿ ಮೋಡ ಒಡೆಯುವ ಲಕ್ಷಣ ಪೂರ್ತಿ ಇತ್ತು, ಗಾಳಿ ತಿರುಗಿತು. ಕೆಲವು ಸಲ ಸುಮ್ಮನೆ ಓಡಿಸದೆ ಒಂದು ಸಲ ಸರಿಯಾಗಿ ಓಡಿಸಲು ಸಾಧ್ಯವಿಲ್ಲ. ಇದನ್ನು ಜನಕ್ಕೆ ತಿಳಿಸುವುದು ನಿನ್ನ ಕೆಲಸ.

ಚಪ್ಪಲಿಯ ಫೋಟೋ ಇಲ್ಲಿ ಎಲ್ಲರ ಫೋನಿನಲ್ಲೂ ಇದೆ. ನಮ್ಮ ಮುಖ್ಯಸ್ಥರು ಮಾತ್ರ ನಗುತ್ತಿಲ್ಲ. ಕೇಂದ್ರದಲ್ಲಿ ಕೆಲವು ಸುಧಾರಣೆಗಳಾಗುತ್ತಿವೆ, ಇನ್ನು ಇಂಥದು ಆಗಲಿಕ್ಕಿಲ್ಲ.

ಹತ್ತನೇ ಕ್ಲಾಸಿನ ಪರೀಕ್ಷೆ ಹೊರಗಿನಿಂದ ಕಟ್ಟಬಹುದಂತೆ. ಯೋಚನೆ ಮಾಡು.

ನಿನ್ನ ಅಕ್ಕ

ಜುಲೈ ೨೧

ಅಕ್ಕಾ,

ಪರೀಕ್ಷೆಯ ಮಾತು ನೀನು ಯಾವಾಗ ಎತ್ತುತ್ತೀ ಅಂತ ನನಗೆ ಗೊತ್ತು. ಬೇರೆ ಏನೋ ಮುಚ್ಚಬೇಕಾದಾಗ.

ಯಾವ ಸುಧಾರಣೆ? ನಿಮ್ಮ ಕಡೆಯ ಮೆಕ್ಯಾನಿಕ್ ಬಂದಿದ್ದ. ಸೈರನ್ ಪೆಟ್ಟಿಗೆ ತೆರೆದು ಒಳಗಿನ ಒಂದು ಸರ್ಕ್ಯೂಟ್ ಬೋರ್ಡು ಬದಲಿಸಿದ. ಏನಿದು ಎಂದೆ. "ಇನ್ನು ಸುಮ್‌ಸುಮ್ನೆ ಅರಚಲ್ಲ ಬಿಡಿ ಮೇಡಂ, ಕೇಳ್ಕೊಂಡು ಅರಚುತ್ತೆ" ಎಂದ. ಯಾರನ್ನ ಕೇಳ್ಕೊಂಡು ಎಂದೆ. "ನಂಗೆ ಹಾಕು ಅಂದ್ರು, ಹಾಕ್ದೆ" ಎಂದು ಏಣಿ ಇಳಿದ.

ತಮಾಷೆಗೆ ಹೇಳಿದನೋ ಏನೋ. ಆದರೆ ನೋಡು, ಕೆಳಬೀದಿಯವರು ಈಗ ಹೊಳೆಯ ಕಡೆ ತಿರುಗಿಯೂ ನೋಡುತ್ತಿಲ್ಲ. ಮೊನ್ನೆ ಜೋರು ಮಳೆಯಲ್ಲಿ ಇಸ್ತ್ರಿ ಅತ್ತೆ ಕಿಟಕಿಯನ್ನೇ ಹಾಕಿಕೊಂಡಳು, ಸದ್ದಿಗೆ ತಲೆನೋವಂತೆ. ಅಷ್ಟು ನಂಬಿಸಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ, ಒಂದೇ ಸಾಲಿನಲ್ಲಿ ಉತ್ತರ ಕೊಡು. ಈಗಲೂ ಯಾರ ಕೈಯೂ ಇಲ್ಲ ತಾನೇ?

ಬುಗುರಿ

ಜುಲೈ ೩೦

ಬುಗುರಿ,

ಎಲ್ಲದಕ್ಕೂ ಅನುಮಾನ ನಿನಗೆ. ಯಂತ್ರ ಯಂತ್ರವೇ, ಲೆಕ್ಕ ಲೆಕ್ಕವೇ. ಬೀದಿಗೆ ಹೇಳಿದ್ದನ್ನು ಬದಲಿಸುವ ಅಗತ್ಯವಿಲ್ಲ.

ಕೆಲಸ ಬಹಳ. ಅಮ್ಮನಿಗೆ ಹೇಳು, ಮಳೆಗಾಲ ಮುಗಿದ ಮೇಲೆ ಬರುತ್ತೇನೆ.

ಅಕ್ಕ

ಆಗಸ್ಟ್ ೧೭

ಅಕ್ಕಾ,

ನೀನು ಫೋನು ಮಾಡುತ್ತಲೇ ಇದ್ದೆ, ನಾನು ಎತ್ತಲಿಲ್ಲ. ನಾನೂ ಅಮ್ಮನೂ ಸುರಕ್ಷಿತ. ನಮ್ಮ ಮನೆ ಮೇಲ್ಬೀದಿಯಲ್ಲಿದೆಯಲ್ಲ.

ಆ ದಿನ ಮಧ್ಯಾಹ್ನ ನಾನು ಗುಡ್ಡದಲ್ಲಿದ್ದೆ, ಮಾಪಕದ ಬಾಯಿಯ ಎಲೆ ತೆಗೆಯುತ್ತ. ನಿನಗೆ ಗೊತ್ತು, ಅದರೊಳಗಿನ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚಿ ಟಿಕ್ ಎನ್ನುತ್ತದೆ. ಮಳೆ ಶುರುವಾಯಿತು. ಟಿಕ್ ಟಿಕ್ ಅನ್ನುತ್ತಿದ್ದದ್ದು ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮ ಬಡಿದುಕೊಳ್ಳತೊಡಗಿತು. ನನ್ನ ಜೇಬಿನಲ್ಲಿ ಫೋನಿತ್ತು, ಸಿಗ್ನಲ್ಲೂ ಇತ್ತು. ಕ್ಷೌರದ ಮಾವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ಹೊತ್ತಿಗೆ ಸೈರನ್ ಕೂಗಿರುತ್ತದೆ, ಎಲ್ಲರೂ ಶಾಲೆಯಲ್ಲಿರುತ್ತಾರೆ ಎಂದುಕೊಂಡೆ. ಅಷ್ಟೇ ಅಲ್ಲ, ಆ ಸದ್ದು ಕೇಳುತ್ತ ನನಗೆ ಹೆಮ್ಮೆಯಾಯಿತು. ನೋಡು, ನಾವು ಬಿಗಿದ ಬೋಲ್ಟು ಈಗ ಕೆಳಗೆ ಜೀವ ಉಳಿಸುತ್ತಿದೆ ಅಂತ. ತೊಯ್ದು ತೊಪ್ಪೆಯಾಗಿ ನಗುತ್ತ ನಿಂತಿದ್ದೆ.

ಇಳಿಯುವಾಗ ಬಸ್ಸಿನ ಕಿಟಕಿಯಿಂದ ಹೊಳೆ ಕಂಡಿತು. ಕೆಸರು ಬಣ್ಣ, ಬೇರುಸಮೇತ ಮರಗಳು. ಸೈರನ್ ಕೇಳುತ್ತಿರಲಿಲ್ಲ. ಮಳೆ ಸದ್ದಿಗೆ ಕೇಳುತ್ತಿಲ್ಲ ಎಂದುಕೊಂಡೆ. ಬಸ್ಸು ಸೇತುವೆಯ ಹತ್ತಿರ ಬಂದು ನಿಂತ ಮೇಲೆ, ಅಂಗಡಿಗಳ ಬಾಗಿಲಿಗೆ ನೀರು ನುಗ್ಗುವುದನ್ನು ನಾನು ಕಣ್ಣಾರೆ ನೋಡುತ್ತಿರುವಾಗ, ಅದು ಕೂಗಿತು.

ಬಹಳ ಜನ ಓಡಿದರು. ನೀರಿನಲ್ಲಿ ಓಡಿದರು. ಇಸ್ತ್ರಿ ಅತ್ತೆ ಬರಲಿಲ್ಲ.

ಕ್ಷೌರದ ಮಾವ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಹೊಳೆಯ ಸದ್ದು ಬದಲಾದಾಗಲೇ ಅವನು ಅವಳ ಬಾಗಿಲಿಗೆ ಹೋಗಿ, "ಅಕ್ಕಾ, ಯಾಕೋ ಸದ್ದು ಸರಿಯಿಲ್ಲ, ಎದ್ದೇಳು" ಎಂದನಂತೆ. ಅವಳು ಇಸ್ತ್ರಿ ಮಾಡುತ್ತಲೇ ಇದ್ದಳು. "ಇನ್ನೂ ಕೂಗಿಲ್ವಲ್ಲ. ಕೂಗಿದ ಮೇಲೂ ಟೈಮಿರುತ್ತೆ ಅಂತ ಹುಡುಗಿ ಹೇಳಿದಾಳೆ. ಈ ಗಂಟು ಮುಗಿಸಿ ಬರ್ತೀನಿ, ನೀ ನಡಿ." ಅವನು ನಡೆದ. ಈಗ ಅಂಗಡಿ ತೆರೆದು ಕನ್ನಡಿ ಮುಂದೆ ಸುಮ್ಮನೆ ಕೂರುತ್ತಾನೆ.

ನಿಮ್ಮ ಕೇಂದ್ರದವರು ಪತ್ರಿಕೆಗೆ ಕೊಟ್ಟ ಹೇಳಿಕೆ ಓದಿದೆ. ಎಚ್ಚರಿಕೆ ಸಕಾಲಕ್ಕೆ ಹೊರಟಿತ್ತು, ಸ್ಥಳೀಯ ನಿರ್ವಹಣೆಯ ಲೋಪದಿಂದ ಸೈರನ್ ತಡವಾಗಿರಬಹುದು ಎಂದಿದೆ. ಸ್ಥಳೀಯ ನಿರ್ವಹಣೆ ಅಂದರೆ ನಾನು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದಿದ್ದಾರೆ.

ನಾನು ಆ ಸೈರನ್ನನ್ನು ಹಿಂದಿನ ದಿನವೇ ಪರೀಕ್ಷಿಸಿದ್ದೆ. ಅದು ಸರಿಯಿತ್ತು. ನೀನು ಆ ಮಧ್ಯಾಹ್ನ ಎಲ್ಲಿದ್ದೆ?

ಬುಗುರಿ

ಆಗಸ್ಟ್ ೨೫

ಇದನ್ನು ಕಾಗದದಲ್ಲಿ ಬರೆಯಲಾರೆ. ಭಾನುವಾರ ಬರುತ್ತೇನೆ. ಮನೆಗಲ್ಲ. ನೀನು ಬಸ್ ನಿಲ್ದಾಣಕ್ಕೆ ಬಾ. ಅಮ್ಮನಿಗೆ ಹೇಳಬೇಡ.

ಅಕ್ಕ

ಸೆಪ್ಟೆಂಬರ್ ೨

ಅಕ್ಕಾ,

ನೀನು ಹತ್ತಿದ ಬಸ್ಸು ಹೋದ ಮೇಲೂ ಅದೇ ಬೆಂಚಿನಲ್ಲಿ ಕೂತಿದ್ದೆ. ನಾನು, ಕೂತಿದ್ದೆ. ನೀನು ನೋಡಿದ್ದರೆ ಬೆರಗಾಗುತ್ತಿದ್ದೆ.

ನೀನು ಹೇಳಿದ್ದು ನಿಜವಾಗಿ ನನಗೆ ಅರ್ಥವಾಗಿದೆಯಾ ಅಂತ ಬರೆದು ನೋಡುತ್ತೇನೆ. ತಪ್ಪಿದ್ದರೆ ತಿದ್ದು. ಚಪ್ಪಲಿಯ ದಿನದ ನಂತರ ಮುಖ್ಯಸ್ಥರು, ಇನ್ನು ಸೈರನ್ ತಾನಾಗಿ ಕೂಗಕೂಡದು, ಮೊದಲು ತಮ್ಮ ಪರದೆಗೆ ಬರಬೇಕು, ತಾವು ಸರಿ ಎಂದು ಒತ್ತಿದ ಮೇಲೆ ಕೂಗಬೇಕು ಎಂದರು. ಪ್ರೋಗ್ರಾಮಿನಲ್ಲಿ ಅದನ್ನು ಸೇರಿಸಲು ಹೇಳಿದ್ದು ನಿನಗೆ. ನೀನು ಬೇಡ ಎಂದೆ. ಅವರು ಮತ್ತೆ ಹೇಳಿದರು. ನೀನು ಸೇರಿಸಿದೆ. ಅದು ಜುಲೈ ಮೊದಲ ವಾರ. ಆ ಮಧ್ಯಾಹ್ನ ನಿನ್ನ ಕಂಪ್ಯೂಟರು ಸರಿಯಾಗಿ, ಬೇಗನೆ, ಹೊಳೆ ಬರುತ್ತದೆ ಎಂದಿತು. ಮುಖ್ಯಸ್ಥರು ಇನ್ನೊಂದು ಕಟ್ಟಡದಲ್ಲಿ ಮೀಟಿಂಗಿನಲ್ಲಿದ್ದರು. ನೀನು ಫೋನು ಮಾಡಿದೆ, ಓಡಿದೆ, ಬಾಗಿಲು ಬಡಿದೆ. ಅವರು "ಹೋದ ಸಲದ ಹಾಗಲ್ಲ ತಾನೇ?" ಎಂದು ಕೇಳಿ, ಇನ್ನೊಂದು ಸಲ ಲೆಕ್ಕ ನೋಡಲು ಹೇಳಿದರು. ನೀನು ನೋಡಿದೆ. ಆಮೇಲೆ ಒತ್ತಿದರು.

ಅಳುತ್ತ ಹೇಳಿದೆ. ಓಡಿದ್ದನ್ನೂ ಬಾಗಿಲು ಬಡಿದದ್ದನ್ನೂ ನಂಬುತ್ತೇನೆ. ಆ ಮುಖ್ಯಸ್ಥರ ಮೇಲೆ ನನಗೆ ಕೋಪವಿದೆ, ಆದರೆ ಅವರು ನನಗೆ ಮೋಸ ಮಾಡಿಲ್ಲ. ಅವರು ನನಗೆ ಯಾರೂ ಅಲ್ಲ.

ಜುಲೈ ಇಪ್ಪತ್ತೊಂದರಂದು ನಾನು ಒಂದೇ ಸಾಲು ಕೇಳಿದೆ. ಕೈ ಇದೆ ಎಂದು ನೀನು ಬರೆದಿದ್ದರೆ ಅಂದೇ ಸಂಜೆ ಪಾಳಿ ಶುರು ಮಾಡಿಸುತ್ತಿದ್ದೆ. ನಿನ್ನ ಕೆಲಸಕ್ಕೂ ಏನೂ ಆಗುತ್ತಿರಲಿಲ್ಲ, ಯಾಕೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ನೀನು ಅದಕ್ಕೂ ಹೆದರಿದೆ. ನನಗೇ ಹೆದರಿದೆ.

ಆಮೇಲೆ, ಸ್ಥಳೀಯ ನಿರ್ವಹಣೆಯ ಲೋಪ ಎನ್ನುವ ಆ ವರದಿ. ಅದಕ್ಕೆ ನೀನೂ ಸಹಿ ಹಾಕಿದ್ದೀ ಎಂದು ಬಸ್ಸು ಹತ್ತುವಾಗ ಹೇಳಿದೆ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು. "ನಿನ್ನ ಹೆಸರು ಬರಲ್ಲ ಕಣೇ, ಬರೀ ನಿರ್ವಹಣೆ ಅಂತಿರುತ್ತೆ." ಅಕ್ಕಾ, ಕೆಳಬೀದಿಯಲ್ಲಿ ಆ ಏಣಿ ಹೊತ್ತು ತಿರುಗುತ್ತಿದ್ದವಳು ಯಾರು ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು.

ಇಪ್ಪತ್ತನೇ ತಾರೀಕು ವಿಚಾರಣೆ. ನನ್ನನ್ನೂ ಕರೆದಿದ್ದಾರೆ. ಅಲ್ಲಿ ಇದನ್ನೆಲ್ಲ ಹೇಳುತ್ತೇನೆ. ಅದಕ್ಕೆ ಮುಂಚೆ ಬೀದಿಗೆ ಹೇಳುತ್ತೇನೆ. ನಿನಗೆ ಮೊದಲೇ ತಿಳಿಸುತ್ತಿದ್ದೇನೆ, ನೀನು ನನಗೆ ತಿಳಿಸದ ಹಾಗಲ್ಲ.

ಬುಗುರಿ

ಸೆಪ್ಟೆಂಬರ್ ೯

ಬುಗುರಿ,

ಕೋಪದಲ್ಲಿ ಏನನ್ನೂ ಮಾಡಬೇಡ. ನನ್ನ ಕೆಲಸದ ಮಾತು ಬಿಡು. ಈ ಹೊಳೆಯಂತೆ ಇನ್ನೆಷ್ಟು ಹೊಳೆಗಳಿಗೆ ನಾವು ಸೈರನ್ ಹಾಕಿದ್ದೇವೆ ಗೊತ್ತೇ? ಇದು ಹೊರಬಿದ್ದರೆ ಯಂತ್ರವೇ ಕೆಟ್ಟದ್ದು ಎನ್ನುತ್ತಾರೆ, ಎಲ್ಲವನ್ನೂ ಕಿತ್ತು ಹಾಕುತ್ತಾರೆ. ಆಗ ಸಾಯುವವರು ಯಾರ ಲೆಕ್ಕಕ್ಕೆ? ನನಗೆ ಸ್ವಲ್ಪ ಸಮಯ ಕೊಡು. ಆ ಒಪ್ಪಿಗೆಯ ಹಂತವನ್ನು ಒಳಗಿನಿಂದಲೇ ತೆಗೆಸುತ್ತೇನೆ. ನಿನಗೆ ಬೇರೆ ಕೆಲಸಕ್ಕೂ ಹೇಳಿದ್ದೇನೆ.

ನಿಜ ಹೇಳುವುದು ನಿನಗೆ ಚಟ. ಚಿಕ್ಕಂದಿನಿಂದಲೂ ಹಾಗೆ. ಹೇಳಿಬಿಟ್ಟರೆ ನಿನಗೆ ಹಗುರ. ಆಮೇಲಿನ ಭಾರ ಹೊರುವವರು ಬೇರೆಯವರು.

ಅಕ್ಕ

ಸೆಪ್ಟೆಂಬರ್ ೨೩

ಅಕ್ಕಾ,

ಹೇಳಿದೆ. ಹಗುರವಾಗಲಿಲ್ಲ.

ಸೈರನ್ ಕಿತ್ತುಹಾಕುತ್ತಾರೆ ಎಂದೆಯಲ್ಲ, ಅದು ನನ್ನನ್ನು ಎರಡು ದಿನ ತಿಂದಿತು. ಅದಕ್ಕೇ ವಿಚಾರಣೆಯಲ್ಲಿ ಮೊದಲು ಹೇಳಿದ್ದು ಅದನ್ನೇ: ಯಂತ್ರ ತಪ್ಪಲಿಲ್ಲ, ಅದು ಬೇಗನೇ ಹೇಳಿತ್ತು, ಅದರ ಬಾಯಿ ಮುಚ್ಚಿದ್ದು ಮನುಷ್ಯರು. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ನಿಮಗೆ ಹೇಗೆ ಗೊತ್ತು ಎಂದರು. ನನ್ನ ಅಕ್ಕ ಹೇಳಿದಳು ಎಂದೆ. ಮುಖ್ಯಸ್ಥರ ಪಕ್ಕದಲ್ಲಿ ಕೂತಿದ್ದ ನೀನು ನನ್ನ ಕಡೆ ನೋಡಲಿಲ್ಲ. ನಿನ್ನನ್ನು ಕೇಳಿದಾಗ ನೀನು ಮುಂದಿದ್ದ ಕಾಗದಗಳ ಅಂಚು ಸರಿಮಾಡಿದೆ. ಆಮೇಲೆ "ಹೌದು" ಎಂದೆ. ಆ ಒಂದು ಮಾತಿಗೆ ನಾನು ನಿನಗೆ ಋಣಿ, ಆದರೆ ಅದು ತಡವಾಗಿ ಬಂತು.

ಬೀದಿಯಲ್ಲಿ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಮಾವನ ಅಂಗಡಿ ಮುಂದೆ ನಿಂತು, ಯಾರ ಕೈಯೂ ಇಲ್ಲ ಎಂದು ನಾನು ನಿಮಗೆ ಹೇಳಿದ್ದು ಜುಲೈಯಿಂದ ಈಚೆಗೆ ಸುಳ್ಳಾಗಿತ್ತು, ನನಗೂ ಗೊತ್ತಿರಲಿಲ್ಲ, ಗುಡ್ಡದಿಂದ ಫೋನು ಮಾಡಬಹುದಿತ್ತು, ಮಾಡಲಿಲ್ಲ ಎಂದೆ. ಯಾರೂ ಕೂಗಾಡಲಿಲ್ಲ. ಮಾವ ಮಾತ್ರ, "ನಿನ್ನ ನಂಬಿದ್ದು ನಾವು, ನೀನು ಅವಳನ್ನ ನಂಬಿದ್ದೆ. ನಮ್ಮಿಬ್ರದೂ ಒಂದೇ ಕಥೆ ಕಣಮ್ಮ" ಎಂದು ಒಳಗೆ ಹೋದ. ಇಸ್ತ್ರಿ ಅತ್ತೆಯ ಮಗಳು ಹೋಗದೆ ನಿಂತಳು.

"ನಮ್ಮಮ್ಮ ನಿಮ್ಮಕ್ಕನ ಹೆಸರು ಕೇಳೇ ಒಪ್ಪಿದ್ದು."

"ಹೌದು."

"ಅವರು ಬರ್ತಾರಾ ಇಲ್ಲಿಗೆ?"

ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿದಳು, ಬಟ್ಟೆ ಹಿಂಡುವವರ ಹಾಗೆ ಸೆರಗಿನ ತುದಿ ಹಿಂಡುತ್ತ.

ಬುಗುರಿ

ಅಕ್ಟೋಬರ್ ೧೬

ಬುಗುರಿ,

ಸೈರನ್‌ಗಳನ್ನು ಕೀಳುತ್ತಿಲ್ಲ. ಒಪ್ಪಿಗೆಯ ಹಂತ ತೆಗೆದರು. ಆ ಸಾಲುಗಳನ್ನು ಅಳಿಸಲು ನನಗೆ ಕೊಡಲಿಲ್ಲ, ಬೇರೆಯವರು ಅಳಿಸಿದರು. ಮುಖ್ಯಸ್ಥರನ್ನು ಬದಲಿಸಿದ್ದಾರೆ. ನನ್ನನ್ನು ಪರದೆಗಳ ಕೋಣೆಯಿಂದ ತೆಗೆದು ಕಿಟಕಿಯಿಲ್ಲದ ಒಂದು ಕೋಣೆಗೆ ಹಾಕಿದ್ದಾರೆ, ಅಲ್ಲಿ ನನಗೆ ಕೆಲಸವಿಲ್ಲ. ನಿರ್ವಹಣೆಯ ಲೋಪ ಎಂಬ ಮಾತು ವರದಿಯಿಂದ ಹೋಗಿದೆ. ನಿನ್ನನ್ನು ಮತ್ತೆ ಕರೆಯುತ್ತಾರೆ.

ನೀನು ಹೇಳಬಾರದಿತ್ತು ಎಂದು ನಾನು ಈಗ ಅನ್ನುವುದಿಲ್ಲ. ನೀನು ಹೇಳಿದ ರೀತಿ ನೆನಪಾದಾಗ ಮಾತ್ರ ನಿದ್ದೆ ಬರುವುದಿಲ್ಲ. ಕೈ ಮಾಡಿ ತೋರಿಸಿದೆಯಲ್ಲ, ಅಲ್ಲಿ ಕೂತಿದ್ದಾಳೆ ಅಂತ.

ಅಮ್ಮನನ್ನು ನೋಡಬೇಕು ಅನ್ನಿಸುತ್ತಿದೆ. ಕತ್ತಲಾದ ಮೇಲೆ ಬಂದು ಬೆಳಗಾಗುವ ಮುಂಚೆ ಹೊರಡುತ್ತೇನೆ. ಮೇಲ್ಬೀದಿಯ ಹಿಂದಿನ ದಾರಿಯಿಂದ ಬಂದರೆ ಯಾರಿಗೂ ತಿಳಿಯುವುದಿಲ್ಲ. ಬರಲೇ?

ಅಕ್ಕ

ಅಕ್ಟೋಬರ್ ೨೪

ಅಕ್ಕಾ,

ಬಾ. ಇದು ನಿನ್ನ ಮನೆ, ನನ್ನನ್ನು ಕೇಳಬೇಕಿಲ್ಲ. ಅಮ್ಮನಿಗೆ ಎಲ್ಲ ಗೊತ್ತು, ನಾನೇ ಹೇಳಿದೆ. ಮಾರನೇ ದಿನ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಅವಳದು ಅವಳಿಗೆ. ನನಗೆ ಇನ್ನೂ ಅಷ್ಟು ಮನಸ್ಸು ಬಂದಿಲ್ಲ. ನಿನ್ನ ಕಾಗದಗಳನ್ನು ಈಗ ಎರಡೆರಡು ಸಲ ಓದುತ್ತೇನೆ, ಎಲ್ಲಿ ಏನು ಬಿಟ್ಟಿದ್ದೀ ಅಂತ. ಮೊದಲು ಹಾಗೆ ಓದುತ್ತಿರಲಿಲ್ಲ. ನೀನು ನನ್ನಿಂದ ಕಿತ್ತುಕೊಂಡದ್ದು ಅದು.

ಕತ್ತಲಲ್ಲಿ ಬರಬೇಡ. ಹಿಂದಿನ ದಾರಿಯಿಂದ ಬರಬೇಡ. ಬೆಳಗಿನ ಬಸ್ಸಿಗೆ ಬಾ, ಕೆಳಬೀದಿಯಲ್ಲಿ ಇಳಿ, ನಡೆದು ಬಾ.

ಇಸ್ತ್ರಿ ಅತ್ತೆಯ ಮಗಳು ಅಂಗಡಿ ತೆರೆದಿದ್ದಾಳೆ. ನೀನು ಬರುತ್ತೀ ಎಂದು ಅವಳಿಗೆ ಹೇಳಿದ್ದೇನೆ. ಅವಳು ನಿನ್ನನ್ನು ಏನು ಕೇಳುತ್ತಾಳೋ, ಕೇಳುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಅಲ್ಲಿಯ ನಿಲ್ದಾಣಕ್ಕೆ ಬಂದಿರುತ್ತೇನೆ, ಅವಳ ಬಾಗಿಲವರೆಗೂ ನಿನ್ನ ಜೊತೆ ನಡೆಯುತ್ತೇನೆ, ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಆದರೆ ಈ ಸಲ ನಿನ್ನ ಮಾತನ್ನು ನಾನು ಹೇಳುವುದಿಲ್ಲ.

ಬುಗುರಿ